ಆಂಪ್ಲಿಫೈಯರಿನ ಗವಸು

ಸಪ್ತಾಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು, ಕಾಕಾ, ಯಾವ ವಸ್ತುವನ್ನೂ ಬಳಸಿ ಅವಮಾನಿಸಿದವರಲ್ಲ. ಟಿವಿಗೆ ಕಸೂತಿಯ ಹೊದಿಕೆ, ರಿಮೋಟಿಗೆ ಪ್ಲಾಸ್ಟಿಕ್ ಚೀಲ. ಹಳೆಯದಾಗುತ್ತ ಬಂದ ಕಾರಿನ ಸೀಟುಗಳ ಮೇಲೆ ಇನ್ನೂ ಶೋರೂಮಿನ ಪ್ಲಾಸ್ಟಿಕ್ಕೇ ಇತ್ತು. ಕೇಳಿದರೆ ಒಂದೇ ಉತ್ತರ: "ಧೂಳ ಹತ್ತತೈತ್ರಿ."

ಅವರ ಹೆಂಡತಿ ಕಾಕುಗೆ ಹಾಡು ಕೇಳುತ್ತ ಕೆಲಗೇರಿ ಕೆರೆಗೆ ಹೋಗುವ ಆಸೆ. ಅದಕ್ಕಾಗಿ ಕಾಕಾ ಕಾರಿನ ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಕೂಡಿಸಿದರು, ಅದಕ್ಕೂ ದಪ್ಪ ರೆಕ್ಸಿನ್ ಗವಸು ಹೊಲಿಸಿದರು. ಪ್ರತಿ ಸಲವೂ ಎರಡನೆಯ ಹಾಡಿಗೇ ಅದು ಕೆಂಪು ದೀಪ ಹಚ್ಚಿಕೊಂಡು ಬಾಯಿ ಮುಚ್ಚುತ್ತಿತ್ತು. ಕಾಕಾ ವೈರು ಬದಲಿಸಿದರು, ಫ್ಯೂಸು ಬದಲಿಸಿದರು, ಸ್ಪೀಕರುಗಳನ್ನೂ ಬಿಡಲಿಲ್ಲ.

"ಗವಸಿನ್ಯಾಗ ಗಾಳಿ ಆಡವಲ್ತು, ಭಾಳ ಬಿಸಿ ಆಗ್ತೈತ್ರಿ," ಎಂದ ಮೆಕ್ಯಾನಿಕ್. "ಸುಟ್ಟು ಹೋಗಬಾರ್ದಂತ ತಾನ ಪ್ರೊಟೆಕ್ಷನ್‌ಗೆ ಹೋಗಿ ಬಂದ್ ಆಗ್ತೈತಿ. ಗವಸು ತಗೀರಿ, ಛಲೋ ಹಾಡ್ತೈತಿ."

"ಬಿಸಿದು ಅದು ನೋಡ್ಕೋತೈತಿ. ಧೂಳಿಂದು ಯಾರ ನೋಡ್ಕೋಬೇಕ್ರಿ?" ಎಂದು ಕಾಕಾ ಮೆಕ್ಯಾನಿಕ್‌ನನ್ನೇ ಬದಲಿಸಿದರು.

ಮುಂದಿನ ಭಾನುವಾರ ನನ್ನನ್ನೂ ಕರೆದುಕೊಂಡು ಕೆರೆಗೆ ಹೊರಟರು. ಅಲ್ಲಿ ತಲುಪುವವರೆಗೂ ಹಾಡು ನಿಲ್ಲಲಿಲ್ಲ. ಹೊಸ ಮೆಕ್ಯಾನಿಕ್‌ನ ಕೈಗುಣವನ್ನು ಕಾಕಾ ದಾರಿಯುದ್ದಕ್ಕೂ ಹೊಗಳಿದರು. ಕಾಕು ಹಾಡಿನ ಜೊತೆ ಗುನುಗುತ್ತಿದ್ದರು.

ನಾವು ಗಿರ್ಮಿಟ್ ತಿನ್ನಲು ಕೂತಾಗ ಕಾಕಾ ಡಿಕ್ಕಿ ತೆರೆದು ನೋಡಿದರು. ಆಂಪ್ಲಿಫೈಯರ್ ಬತ್ತಲೆಯಾಗಿತ್ತು.

"ಗವಸು ಎಲ್ಲಿ ಹೋತು?"

ದಂಡೆಯ ಮೇಲೆ ಅದನ್ನೇ ಹಾಸಿಕೊಂಡು ಕೂತಿದ್ದ ಕಾಕು ತಲೆ ಎತ್ತಲಿಲ್ಲ.

"ಹೊಸಾ ಸೀರಿ ಉಟ್ಟೇನ್ರಿ. ಧೂಳ ಹತ್ತತೈತಿ."