ಆಲಾನಳ ಬೆನ್ನಿನ ಮರದ ತುಂಡು

ವಾಂಪೋವಾ ಎಂಬ ಚೀನೀ ರೇವಿನ ಹೊಳೆಯಲ್ಲಿ ಹೂಬಾವುಟದ ಹಡಗು ಲಂಗರು ಹಾಕಿತೆಂದರೆ ಮೊದಲು ಅದರ ಮಗ್ಗುಲಿಗೆ ಬಂದು ನಿಲ್ಲುತ್ತಿದ್ದದ್ದು ಶುಯಿಗಾಮಳ ದೋಣಿ. ಅಮೆರಿಕದವರನ್ನು ಹೊಳೆಯವರೆಲ್ಲ ಹೂಬಾವುಟದವರೆಂದೇ ಕರೆಯುತ್ತಿದ್ದರು. ಚಹಾ ತುಂಬಿಕೊಳ್ಳಲು ಬಂದ ಆ ಜನ ತಿಂಗಳುಗಟ್ಟಲೆ ಅಲ್ಲೇ ಇರುತ್ತಿದ್ದರು. ಅವರ ಉಪ್ಪು ಹತ್ತಿದ ಅಂಗಿಗಳನ್ನು ಒಗೆದು ಮಡಿಚಿ ಕೊಡುವುದು ಅವಳ ಕಸುಬು. ಗುಂಡಿ ಕಿತ್ತುಹೋಗಿದ್ದರೆ ತಾನೇ ಹೊಲಿದು ಕೊಡುವಳು. ಬಾಯಿ ಮಾತ್ರ ಜೋರು. ಅವಳ ಜೊತೆ ಚೌಕಾಸಿಗೆ ಇಳಿದ ನಾವಿಕರು ಪೆಚ್ಚುಮೋರೆ ಹಾಕಿಕೊಂಡು ಹಡಗು ಹತ್ತಿದ್ದೇ ಹೆಚ್ಚು.

ದೋಣಿಯೇ ಅವಳ ಮನೆ. ಹೊಳೆಯವರಿಗೆ ನೆಲದ ಮೇಲೆ ಮನೆ ಕಟ್ಟಲು ಯಾರು ಬಿಡುತ್ತಾರೆ? ಹುಟ್ಟಿದ್ದು, ಮದುವೆಯಾದದ್ದು, ಹೆತ್ತದ್ದು ಎಲ್ಲ ನೀರಿನ ಮೇಲೆಯೇ. ಗಂಡ ಚಹಾ ಸಾಗಿಸುವ ದೋಣಿಯಲ್ಲಿ ಹುಟ್ಟು ಹಾಕಲು ಹೋದರೆ ಉಳಿಯುವವರು ಅವಳು, ಅತ್ತೆ, ಆಗಷ್ಟೇ ನಡೆದಾಡತೊಡಗಿದ್ದ ಮಗ, ಅವನಿಗಿಂತ ತುಸು ದೊಡ್ಡವಳಾದ ಮಗಳು ಆಲಾನ್. ನೀರಿಗೆ ಬಿದ್ದರೆ ಮುಳುಗದಿರಲೆಂದು ಮಗನ ಬೆನ್ನಿಗೆ ತೇಲುವ ಮರದ ತುಂಡೊಂದನ್ನು ಕಟ್ಟಿದ್ದರು. ಆಲಾನಳ ಬೆನ್ನು ಬರಿದಾಗಿತ್ತು. ಗಂಡುಮಕ್ಕಳಿಗಷ್ಟೇ ಮರ ಕಟ್ಟುವುದು ಅಲ್ಲಿನ ವಾಡಿಕೆ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ.

ಆ ವರ್ಷ ಬಂದ ಹಡಗಿನ ಬಡಗಿ ಓಬೆಡ್‌ಗೆ ಇದೆಲ್ಲ ಏನು ಗೊತ್ತು? ಅದು ಮಕ್ಕಳ ಆಟದ ಸಾಮಾನೆಂದುಕೊಂಡ. ಪಾಪ, ಹುಡುಗಿಗೆ ಸಿಕ್ಕಿಲ್ಲವಲ್ಲ ಎಂದು ಮರುಗಿ ಪೈನ್ ಮರದ ತುಂಡೊಂದನ್ನು ನುಣ್ಣಗೆ ಹೆರೆದು, ಮೇಲೊಂದು ಮೀನು ಕೆತ್ತಿ ತಂದ. ಹಗ್ಗದ ಏಣಿ ಇಳಿದು ಬಂದು ಆಲಾನಳ ಬೆನ್ನಿಗೆ ತಾನೇ ಕಟ್ಟಿದ.

ಹೊಗೆಕೊಳವೆ ಸೇದುತ್ತಿದ್ದ ಅತ್ತೆ ಕ್ಯಾಕರಿಸಿ ಉಗಿದಳು.

"ಹೆಣ್ಣಿಗೆ ಯಾರಾದ್ರೂ ಮರ ಕಟ್ತಾರೇನೇ? ತಮ್ಮನ ಆಯಸ್ಸು ಕಿತ್ಕೊಳ್ತಾಳೆ. ಬಿಚ್ಚು ಅದನ್ನ!"

"ಸುಮ್ನಿರಿ ಅತ್ತೆ, ಅವನು ನೋಡ್ತಾ ಇದಾನೆ. ಕೊಟ್ಟಿದ್ದನ್ನ ಅವನೆದುರಿಗೇ ಬಿಚ್ಚಿದ್ರೆ ನಾಳೆ ಬಟ್ಟೆ ಬೇರೆ ದೋಣಿಗೆ ಹೋಗುತ್ತೆ. ಹಡಗು ಹೊರಡ್ಲಿ, ಬಿಚ್ತೀನಿ."

ಆಗ ಅವಳು ನಿಜವಾಗಿಯೂ ಹಾಗೆಂದುಕೊಂಡೇ ಹೇಳಿದ್ದು. ಆದರೆ ಮರುದಿನ ಬಟ್ಟೆ ಒಗೆಯುವಾಗ ತಾನು ಒಮ್ಮೆಯೂ ಮಗಳತ್ತ ತಿರುಗಿ ನೋಡಲಿಲ್ಲವೆಂಬುದು ಅವಳ ಅರಿವಿಗೆ ಬಂತು. ಮಗಳು ಹುಟ್ಟಿದಾಗಿನಿಂದ ಎದೆಯಲ್ಲಿ ಒಂದು ಭಯ ಕೂತಿತ್ತೆಂಬುದು ಅದು ಹೋದಮೇಲೆಯೇ ಅವಳಿಗೆ ತಿಳಿದದ್ದು.

ಬಡಗಣ ಗಾಳಿ ಶುರುವಾಯಿತು. ಚಹಾ ಪೆಟ್ಟಿಗೆಗಳನ್ನು ತುಂಬಿಕೊಂಡ ಹಡಗು ಲಂಗರೆತ್ತಿತು. ವಾಡಿಕೆಯಂತೆ ಶುಯಿಗಾಮ್ ಪಟಾಕಿ ಹಚ್ಚಿ, ಜಾಗಟೆ ಬಾರಿಸಿ, ದೇವರಿಗೆ ಬಂಗಾರದ ಬಣ್ಣದ ಕಾಗದ ಸುಟ್ಟು, ಹೋದವರು ತಿರುಗಿ ಬರಲಿ ಎಂದು ಬೇಡಿಕೊಂಡಳು. ಓಬೆಡ್ ಟೊಪ್ಪಿ ಬೀಸಿದ. ಹಡಗು ಹೊಳೆಯ ತಿರುವಿನಲ್ಲಿ ಮರೆಯಾಯಿತು.

"ಹೋಯ್ತಲ್ಲ ನಿನ್ನ ಹಡಗು. ಇನ್ನೇನು ನೆಪ?" ಅಂದಳು ಅತ್ತೆ.

"ಇನ್ನೂ ಹಾಯಿ ಕಾಣ್ತಿದೆ ಅತ್ತೆ."

"ನನ್ನ ಕಣ್ಣು ಮಂಜಾಗಿರ್ಬೋದು, ಕುರುಡಾಗಿಲ್ಲ ಕಣೇ."

ಅತ್ತೆ ತಾನೇ ಬಿಚ್ಚಲು ಎದ್ದಳು. ಶುಯಿಗಾಮ್ ಅಡ್ಡ ನಿಂತಳು.

"ಬಿಚ್ಚೋಕೆ ಬಿಡಲ್ಲ."

ನಾವಿಕರ ಬಾಯಿ ಮುಚ್ಚಿಸುವವಳು ಅತ್ತೆಗೆ ಎದುರಾಡಿದ್ದು ಅದೇ ಮೊದಲು. ಇಬ್ಬರೂ ದನಿಯೇರಿಸಿ ಕೂಗಾಡುತ್ತಿರುವಾಗ ಆಲಾನ್ ನೀರಿನಲ್ಲಿ ತೇಲುತ್ತಿದ್ದ ಪಟಾಕಿಯ ಕೆಂಪು ಚೂರುಗಳಿಗೆ ಕೈಚಾಚಿದಳು. ದುಡುಂ ಎಂಬ ಸದ್ದಾಯಿತು.

ನೀರಿಳಿತದ ಸೆಳವು ಜೋರಾಗಿತ್ತು. ಹುಡುಗಿ ಒಮ್ಮೆ ಮುಳುಗಿ ಮೇಲೆದ್ದಳು. ಓಬೆಡ್‌ನ ಮರ ಅವಳನ್ನು ಬಿಡದೆ ತೇಲಿಸಿತು. ಕೊಕ್ಕೆಗೋಲು ಚಾಚಿ ಮರದ ಹಗ್ಗಕ್ಕೆ ಸಿಕ್ಕಿಸಿ ಎಳೆದವಳು ಅತ್ತೆಯೇ. ಕೆಮ್ಮುತ್ತ ಅಳುತ್ತಿದ್ದ ಮಗಳನ್ನು ಶುಯಿಗಾಮ್ ಅವಚಿಕೊಂಡಳು.

ಅತ್ತೆ ಬೈಯಲಿಲ್ಲ. ಮಗುವಿನ ಬೆನ್ನಿನ ಮೇಲಿದ್ದ ಒದ್ದೆ ಮರವನ್ನು ಮುಟ್ಟಿ ಮುಟ್ಟಿ ನೋಡಿದಳು. ಅವಳ ಹೆಣ್ಣುಮಕ್ಕಳಿಬ್ಬರು ಇದೇ ಹೊಳೆಯ ಪಾಲಾಗಿದ್ದರು. ಗಂಡ ಒಮ್ಮೆ ಹೇಳಿದ್ದರಿಂದ ಶುಯಿಗಾಮಳಿಗೆ ಅದು ಗೊತ್ತಿತ್ತು. ಮುದುಕಿ ಆ ಮಾತನ್ನು ಎಂದೂ ಎತ್ತಿದವಳಲ್ಲ.

"ಇಷ್ಟೇ ಸಾಕಾಗಿತ್ತಾ?" ಅಂದಳು. "ಇಷ್ಟು ಮರ ಸಾಕಾಗಿತ್ತೇನೇ?"

ಶುಯಿಗಾಮಳಿಗೆ ಅತ್ತೆಯ ಮೇಲಿನ ಸಿಟ್ಟೆಲ್ಲ ಇಳಿದುಹೋಯಿತು. ಹಾಗೇ ಅವಳ ಪಕ್ಕದಲ್ಲಿ ಕುಳಿತಳು.

ಮರುದಿನ ಮುದುಕಿ ಆ ಮರಕ್ಕೆ ಹೊಸ ಹಗ್ಗ ಹೊಸೆದಳು. ಪಕ್ಕದ ದೋಣಿಯವರು, "ಏನಜ್ಜಿ, ಹೆಣ್ಣನ್ನ ಗಂಡು ಮಾಡಕ್ಕೆ ಹೊರಟ್ಯಾ?" ಎಂದು ನಕ್ಕರು.

"ನಿಮ್ಮ ಮನೇಲೂ ಹೆಣ್ಣು ಕೂಸಿದೆ. ಬಾಯಿ ಮುಚ್ಕೊಂಡು ಒಂದು ತುಂಡು ಮರ ಹುಡುಕ್ರಿ," ಅಂದಳು ಅವಳು.

ಅಲ್ಲಿಂದಾಚೆಗೆ ಆಲಾನಳಿಗೆ ಮರ ಕಟ್ಟುವ ಕೆಲಸವನ್ನು ಅವಳು ಸೊಸೆಗೂ ಬಿಡಲಿಲ್ಲ. ದಿನಾ ಬೆಳಿಗ್ಗೆ ತಾನೇ ಕಟ್ಟಿ, ಗಂಟನ್ನು ಒಮ್ಮೆ ಜಗ್ಗಿ ನೋಡಿ, ಸಾಲದೆಂಬಂತೆ ಇನ್ನೊಮ್ಮೆ ಜಗ್ಗಿ ನೋಡುತ್ತಿದ್ದಳು.