ಬ್ರೇಕ್ ಹಿಡೀತಿಲ್ಲ ಮಾರಾಯ್ತಿ

ಕಳೆದ ತಿಂಗಳು ನನ್ನ ಹೆಂಡತಿ ವಸಂತಿ ನನ್ನನ್ನು ಬಿಟ್ಟು ಮೆಟ್ರೋ ಹತ್ತಿದಳು.

ಗಾಬರಿ ಬೇಡ. ಸಂಸಾರ ಗಟ್ಟಿಯಾಗಿದೆ. ಅವಳು ಬಿಟ್ಟದ್ದು ನನ್ನ ಕಾರನ್ನು. ಬ್ರೇಕ್ ಒತ್ತಿದರೆ ಸಾಕು, ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚುತ್ತಿತ್ತು. ನಾವಿರುವ ಕತಾರಿನ ಅಲ್ ವಕ್ರಾದ ಸಿಗ್ನಲ್‌ಗಳಲ್ಲಿ ಅಕ್ಕಪಕ್ಕದವರು ಗ್ಲಾಸ್ ಇಳಿಸಿ ನೋಡುತ್ತಿದ್ದರು. ನಾನು ಕೈ ಬೀಸುತ್ತಿದ್ದೆ. (ಈ ವಯಸ್ಸಿನಲ್ಲಿ ನನ್ನನ್ನು ತಿರುಗಿ ನೋಡುವವರು ಬೇರೆ ಯಾರಿದ್ದಾರೆ?)

ವಸಂತಿಗೆ ಈ ಜನಪ್ರಿಯತೆ ಹಿಡಿಸಲಿಲ್ಲ. ಗ್ಯಾರೇಜಿಗೆ ಕೊಡಿ, ಬ್ರೇಕ್ ಸರಿಯಾಗುವವರೆಗೆ ನಾನು ಈ ಕಾರಿಗೆ ಕಾಲಿಡುವುದಿಲ್ಲ, ಖಲಾಸ್ ಎಂದಳು. ಅಲ್ ಮನ್ಸೂರಾದಲ್ಲಿರುವ ತನ್ನ ತಂಗಿಯ ಮನೆಗೆ ಎರಡು ವಾರ ಮೆಟ್ರೋದಲ್ಲೇ ಹೋಗಿಬಂದಳು. ನನಗೆ ಕೈಕಾಲು ಕಟ್ಟಿದ ಹಾಗಾಯಿತು. ಪಕ್ಕದ ಸೀಟು ಖಾಲಿಯಿದ್ದರೆ ಡ್ರೈವಿಂಗಿನಲ್ಲಿ ಏನು ಮಜಾ? ಹೆದರಿಸುವುದು ಯಾರನ್ನು?

ಇಲ್ಲಿ ನನ್ನ ಒಂದು ಚಟದ ಬಗ್ಗೆ ಹೇಳಲೇಬೇಕು. ಮದುವೆಯಾದ ಹೊಸತರಲ್ಲಿ, ಮಂಗಳೂರಿನ ಒಂದು ಇಳಿಜಾರಿನಲ್ಲಿ ಸ್ಕೂಟರ್ ಓಡಿಸುತ್ತಾ, ಸುಮ್ಮನೆ ತಮಾಷೆಗೆ "ಬ್ರೇಕ್ ಹಿಡೀತಿಲ್ಲ ಮಾರಾಯ್ತಿ" ಎಂದು ಕೂಗಿದ್ದೆ. ಅವಳು ತಬ್ಬಿಕೊಂಡ ರಭಸಕ್ಕೆ ನನ್ನ ಅಂಗಿಯ ಎರಡು ಗುಂಡಿ ಹಾರಿದವು. ಅಂಥ ಯಶಸ್ಸು ಕಂಡ ಮೇಲೆ ಯಾವ ಕಲಾವಿದ ಸುಮ್ಮನಿರುತ್ತಾನೆ? ಸ್ಕೂಟರ್ ಹೋಗಿ ಕಾರು ಬಂತು, ಮಂಗಳೂರು ಹೋಗಿ ಕತಾರ್ ಬಂತು, ನಾಟಕ ಮಾತ್ರ ನಿಲ್ಲಲಿಲ್ಲ. ರೌಂಡ್‌ಅಬೌಟ್ ಕಂಡಲ್ಲೆಲ್ಲ ಒಂದು ಶೋ. ಈಚೀಚೆಗೆ ಅವಳು ಫೋನಿನಿಂದ ಕಣ್ಣೆತ್ತುವುದೂ ಇಲ್ಲ.

ಸರಿ, ಅವಳನ್ನು ಮರಳಿ ಸೀಟಿಗೆ ತರಬೇಕು. ಆದರೆ ಗ್ಯಾರೇಜಿಗೆ ಕೊಡುವುದು ಯಾರು ಬೇಕಾದರೂ ಮಾಡುವ ಕೆಲಸ. ನನ್ನಂಥವನಿಗೆ ಅವಮಾನ. ಹಮೀದನ ಅಂಗಡಿಗೆ ಹೋದೆ. ಸ್ಪೇರ್ ಪಾರ್ಟ್ಸ್ ಮಾರುವ ಹಮೀದ್ ಉಳ್ಳಾಲದವನು, ನಮಗೆ ಮನೆಯವನ ಹಾಗೆ. ಹೊಸ ಬ್ರೇಕ್ ಪ್ಯಾಡ್‌ಗಳ ಡಬ್ಬ ಕೈಗಿಟ್ಟು, "ಶೇಖರಣ್ಣ, ಎಲ್ಲ ಫಿಟ್ ಮಾಡಿ ಆದ ಮೇಲೆ, ಗಾಡಿ ತೆಗಿಲಿಕ್ಕೆ ಮುಂಚೆ ಒಂದು ವಿಷಯ ಉಂಟು" ಎಂದು ಶುರು ಮಾಡಿದ.

"ನೀನು ಹುಟ್ಟುವ ಮೊದಲೇ ನಾನು ಲಾರಿಯ ಬ್ರೇಕ್ ಬಿಚ್ಚಿದವ ಮಾರಾಯ" ಎಂದು ಬಾಯಿ ಮುಚ್ಚಿಸಿ ಬಂದೆ. (ಬಿಚ್ಚಿದ್ದು ನಿಜ. ಜೋಡಿಸಿದ್ದು ಬೇರೆಯವರು.)

ಶುಕ್ರವಾರ ಬೆಳಿಗ್ಗೆ, ಸ್ಪ್ಯಾನರ್ ಕೈ ಸುಡುವ ಹೊತ್ತಾಗುವ ಮೊದಲೇ ಕಾರನ್ನು ಜಾಕ್ ಮೇಲೇರಿಸಿದೆ. ಸಮುದ್ರದ ಸೆಕೆಗೆ ಕನ್ನಡಕ ಮಂಜಾಗಿ, ಅರ್ಧ ಕೆಲಸ ತಡಕಾಡಿಯೇ ಆಯಿತು. ಹಳೇ ಪ್ಯಾಡ್‌ಗಳು ಸವೆದು ಹಪ್ಪಳವಾಗಿದ್ದವು. ಹೊಸವು ದಪ್ಪ. ಅವು ಕೂರಬೇಕಾದರೆ ಒಳಗಿನ ಪಿಸ್ಟನ್ ಹಿಂದೆ ಸರಿಯಬೇಕು. ಸರಿಯಲೊಲ್ಲದು. ಅದನ್ನು ಒತ್ತುವ ಕ್ಲಾಂಪ್ ನನ್ನಲ್ಲಿಲ್ಲ. ತಲೆ ಇದೆಯಲ್ಲ! ಮೇಲೆ ಮನೆಗೆ ಹೋಗಿ ಸದ್ದಿಲ್ಲದೆ ದೋಸೆಯ ಕಬ್ಬಿಣದ ಸಟ್ಟುಗ ತಂದೆ. ಹಳೇ ಪ್ಯಾಡನ್ನು ಅಡ್ಡವಿಟ್ಟು ಮೀಟಿದೆ. ಪಿಸ್ಟನ್ ಒಳಗೆ ಹೋಯಿತು. ಸಟ್ಟುಗ ಬಾಗಿತು.

ಮುಂದಿನ ಎರಡೂ ಚಕ್ರ ಮುಗಿಸಿ, ವಿಜಯೋತ್ಸವದ ಹಾರ್ನ್ ಹೊಡೆದೆ. ವಸಂತಿ ಇಳಿದು ಬಂದಳು. ಚಕ್ರಗಳನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು, ಕೂತಳು. ಆಹಾ! ಬೆಲ್ಟ್ ಹಾಕಿಕೊಂಡು ಕೈಚೀಲದಿಂದ ಒಂದು ಕಿತ್ತಳೆ ತೆಗೆದಳು.

ಕಾರು ಸ್ಟಾರ್ಟ್ ಮಾಡಿ ಬ್ರೇಕ್ ಒತ್ತಿದೆ. ಪೆಡಲ್ ಬೆಣ್ಣೆಯೊಳಗೆ ಹೋದ ಹಾಗೆ ಇಳಿಯಿತು. ಹೊಸ ಪ್ಯಾಡಿನ ಸುಖ ಅಂದುಕೊಂಡೆ. ಗೇರ್ ಹಾಕಿದೆ, ಕಾರು ಮೆಲ್ಲಗೆ ಮುಂದೆ ಸರಿಯಿತು. ಎದುರಿಗೆ ಬಿಲ್ಡಿಂಗಿನ ಅರಬಿ ಮಾಲೀಕರ ಬಿಳಿ ಲ್ಯಾಂಡ್ ಕ್ರೂಸರ್. ನಿಲ್ಲಿಸೋಣವೆಂದು ಮತ್ತೆ ಒತ್ತಿದೆ. ಪೆಡಲ್ ನೆಲ ಮುಟ್ಟಿತು. ಕಾರು ನಿಲ್ಲಲಿಲ್ಲ.

"ಬ್ರೇಕ್ ಹಿಡೀತಿಲ್ಲ ಮಾರಾಯ್ತಿ."

ಅವಳು ಕಿತ್ತಳೆ ಸುಲಿಯುತ್ತಿದ್ದಳು.

"ವಸಂತಿ, ದೇವರಾಣೆ ಹಿಡೀತಿಲ್ಲ."

"ಎರಡು ವಾರದಲ್ಲಿ ಹೊಸತು ಒಂದೂ ಕಲೀಲಿಲ್ವಾ ನೀವು?" ಎಂದು ಒಂದು ತೊಳೆ ಬಾಯಿಗೆ ಹಾಕಿಕೊಂಡಳು.

ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ಗಕ್ಕನೆ ನಿಂತಿತು. ಮಾಲೀಕರ ಬಂಪರಿಗೂ ನಮಗೂ ನಡುವೆ ಒಂದೇ ಗೇಣು. ದಿಕ್ಕೆಟ್ಟು ಪೆಡಲನ್ನು ತುಳಿದೆ, ತುಳಿದೆ, ತುಳಿಯುತ್ತಲೇ ಇದ್ದೆ. ಏಳೆಂಟು ಸಲಕ್ಕೆ ಅದು ಕಲ್ಲಿನ ಹಾಗೆ ಗಟ್ಟಿಯಾಯಿತು. ಇದೆಂಥ ಪವಾಡ?

ಕೆಳಗಿಳಿದು ಹಮೀದನಿಗೆ ಫೋನ್ ಮಾಡಿದೆ. ಹಿಂದೆ ಸರಿಸಿದ ಪಿಸ್ಟನ್ ಮತ್ತೆ ಪ್ಯಾಡಿಗೆ ಬಂದು ತಾಗಬೇಕಂತೆ. ಅದಕ್ಕೆ ಹೊರಡುವ ಮೊದಲು ನಿಂತಲ್ಲೇ ಪೆಡಲ್ ತುಳಿಯಬೇಕಂತೆ. ಅಂದು ಅವನು ಹೇಳಲು ಹೊರಟ ವಿಷಯ ಅದೇ ಅಂತೆ. ಆಮೇಲೆ ಬ್ಯಾರಿ ಭಾಷೆಯಲ್ಲಿ ಇನ್ನೂ ಏನೇನೋ ಹೇಳಿದ. ಅದನ್ನು ನಾನು ಅನುವಾದಿಸುವುದಿಲ್ಲ.

ವಸಂತಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. "ಆ ಬೆವರು, ಆ ದೇವರಾಣೆ! ಇಷ್ಟು ವರ್ಷದ ನಾಟಕದಲ್ಲಿ ಇದೊಂದು ಲಾಯ್ಕಾಯ್ತು ನೋಡಿ."

ನಿಜ ಹೇಳಿದೆ. ಇನ್ನೂ ನಕ್ಕಳು. ಪಾರ್ಕಿಂಗಿನಲ್ಲೇ ಹತ್ತು ಸುತ್ತು ಹಾಕಿ, ಹತ್ತು ಸಲ ನಿಲ್ಲಿಸಿ ನೋಡಿದೆ. ಇಲ್ಲಿಯ ಅರಬಿಗಳ ಮಾತಲ್ಲಿ ಹೇಳುವುದಾದರೆ ಕಿರುಚಾಟ ಮಾಫಿ, ಇಲ್ಲವೇ ಇಲ್ಲ. ಆಮೇಲೆ ಮನ್ಸೂರಾಕ್ಕೆ ಹೊರಟೆವು. ಲೇನ್ ಸರಿಯಿಲ್ಲ, ಸ್ಪೀಡ್ ಸರಿಯಿಲ್ಲ ಎಂದು ಅವಳು ದಾರಿಯುದ್ದಕ್ಕೂ ನನ್ನನ್ನು ತಿದ್ದಿದಳು. ಎಂಥ ಸುಖ!

ಈ ಬರಹ ಪತ್ರಿಕೆಗೆ ಕಳಿಸುವ ಮೊದಲು ಅವಳಿಗೆ ಓದಿ ಹೇಳಿದೆ. ಚೆನ್ನಾಗಿದೆ, ಆದರೆ ಬ್ರೇಕ್ ನಿಜವಾಗಿ ಹೋಯ್ತು ಅನ್ನುವುದು ಸ್ವಲ್ಪ ಜಾಸ್ತಿಯಾಯ್ತು, ತೆಗೆದುಬಿಡಿ ಎಂದಳು.

ಮೂವತ್ತೆಂಟು ವರ್ಷ ಬೆವರು ಸುರಿಸಿ ಗಳಿಸಿದ ಸುಳ್ಳುಗಾರನೆಂಬ ಹೆಸರು, ಒಂದೇ ಒಂದು ಸತ್ಯಕ್ಕೆ ಹಾಳಾದೀತೇ?