ನೋರಾಳಿಗೆ ಎತ್ತಿಟ್ಟ ರೊಟ್ಟಿ

ವರ್ಷಗಟ್ಟಲೆ ಕಾದಿದ್ದ ಪತ್ತೇದಾರಿ ಗೇಮಿನ ಎರಡನೇ ಭಾಗವನ್ನು ಇವತ್ತು ಶುರು ಮಾಡಿದೆ. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಹಂಚಿನ ಮೇಲೆ ಜೋಳದ ಹಿಟ್ಟು ಸುಡುವ ವಾಸನೆ ಬಂದದ್ದೇ ತಡ, ನಾನು ನವನಗರದ ನಮ್ಮ ಹಳೆಯ ಮನೆಯಲ್ಲಿದ್ದೆ.

ಮೊದಲ ಭಾಗದ ಸಿಡಿಯನ್ನು ಕಾಕಾ ದುರ್ಗದಬೈಲಿನ ಪೇಟೆಯಿಂದ ತಂದಿದ್ದರು. ಕಂಪ್ಯೂಟರ್ ಪಡಸಾಲೆಯಲ್ಲಿ, ಅವ್ವ ಒಲೆಯ ಮುಂದೆ. ಇಂಗ್ಲಿಷ್ ಬಾರದ ಅವಳಿಗೆ ಪರದೆಯ ಮೇಲಿನ ಮಾತನ್ನೆಲ್ಲ ನಾನು ನಮ್ಮ ಮಾತಿನಲ್ಲಿ ಕೂಗಿ ಹೇಳಬೇಕು. ಕಥೆ ಬಿಗಿಯಾದರೆ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು. ಕಾಣೆಯಾದ ಹುಡುಗಿ ನೋರಾ ಸಿಗದೆಯೇ ಆಟ ಮುಗಿಯಿತು.

"ಅವ್ವಾ, ಆಕಿ ಸತ್ತಾಳೇನು?"

"ಬಿಡ್ತು ಅನ್ನು. ಎಲ್ಲೋ ಆರಾಮ ಇರ್ತಾಳ. ಹಸದು ಬರ್ತಾಳ ನೋಡು."

ಯಾರಾದರೂ ಬಂದರೆ ಇರಲಿ ಎಂದು ದಿನವೂ ಒಂದು ರೊಟ್ಟಿ ಹೆಚ್ಚಿಗೆ ಮಾಡುವುದು ನಮ್ಮ ಮನೆಯ ರೂಢಿ. ಅಂದಿನಿಂದ ಅದು ನೋರಾಳ ರೊಟ್ಟಿ. ಅವ್ವ ತೀರಿಹೋಗುವವರೆಗೂ ಅದನ್ನು ಹಾಗೇ ಕರೆದಳು.

ಎರಡನೇ ಭಾಗ ಮಾಡುವವರ ಮೇಲೆ ನನಗಿರುವುದು ಒಂದೇ ಸಿಟ್ಟು. ನೀವು ಖಾಲಿ ಬಿಟ್ಟು ಹೋದ ಜಾಗದಲ್ಲಿ ನಾವು ಇಷ್ಟು ವರ್ಷ ಬದುಕಿದ್ದೇವೆ. ಮತ್ತೆ ಅಲ್ಲಿ ಕಾಲಿಡುವಾಗ ಒಂದಿಷ್ಟು ನೋಡಿಕೊಂಡು ಬರಬೇಡವೇ? ಇವತ್ತಿನ ಆಟದ ಮೊದಲ ದೃಶ್ಯದಲ್ಲೇ ಬಾವಿಯಿಂದ ನೋರಾಳ ಮೂಳೆಗಳನ್ನು ಎತ್ತಿದರು. ನಾವು ಹುಡುಕಲು ಶುರು ಮಾಡುವ ಮೊದಲೇ ಅವಳು ಸತ್ತಿದ್ದಳಂತೆ.

ಪಕ್ಕದ ಮನೆಯ ಸದ್ದು ನಿಂತಿತು. ಅವ್ವ ಇದ್ದಿದ್ದರೆ ಒಳಗಿನಿಂದ "ಮುಂದ ಏನಾತಪಾ?" ಎಂದು ಕೇಳುತ್ತಿದ್ದಳು.

"ಸಿಕ್ಕಳವ್ವಾ. ಊಟಕ್ಕ ಕುಂತಾಳ" ಎನ್ನುತ್ತಿದ್ದೆ.